ಕ್ರೌರ್ಯ ಸಾಬೀತಾಯಿತು, ಆದರೂ ಗಂಡ ಕೇಸು ಸೋತ

ಡೈವೋರ್ಸ್ ಬೇಕು ಅಂತ ಬರುವವರಲ್ಲಿ ಹೆಚ್ಚಿನವರು ಒಂದು ಪಟ್ಟಿ ಬರೆದುಕೊಂಡೇ ಬರುತ್ತಾರೆ. ಯಾವತ್ತು ಏನು ಬೈದಳು, ಯಾವ ಹಬ್ಬಕ್ಕೆ ಊರಿಗೆ ಬರಲ್ಲ ಅಂದಳು, ಯಾವ ತಾರೀಖು ಬ್ಯಾಗು ತುಂಬಿಕೊಂಡು ತವರಿಗೆ ಹೋದಳು. ಹೆಂಗಸರು ತರುವ ಪಟ್ಟಿ ಬೇರೆ ಥರ, ಉದ್ದ ಮಾತ್ರ ಅಷ್ಟೇ. ಕೊನೆಗೆ ಎಲ್ಲರದ್ದೂ ಒಂದೇ ಮಾತು: "ಸಾರ್, ಕ್ರೂಯಲ್ಟಿ ಹಾಕಿ, ಡಿಸರ್ಷನ್ನೂ ಹಾಕ್ಬಿಡಿ." ಕ್ರೂಯಲ್ಟಿ ಅಂದರೆ ಕ್ರೌರ್ಯ, ಡಿಸರ್ಷನ್ ಅಂದರೆ ಪರಿತ್ಯಾಗ, ಬಿಟ್ಟು ಹೋಗುವುದು. ಊಟದ ಎಲೆಗೆ ಉಪ್ಪು ಉಪ್ಪಿನಕಾಯಿ ಎರಡನ್ನೂ ಬಡಿಸಿದ ಹಾಗೆ ಅರ್ಜಿಯಲ್ಲಿ ಎರಡೂ ಕಾರಣ ಜೊತೆಯಾಗಿ ಕೂತುಬಿಡುತ್ತವೆ.

ಅಂಥವರಿಗೆ ನಾನು ಒಂದು ಹಳೇ ಕೇಸಿನ ಕತೆ ಹೇಳುತ್ತೇನೆ. ದಾಸ್ತಾನೆ ವಿರುದ್ಧ ದಾಸ್ತಾನೆ, ಸುಪ್ರೀಂ ಕೋರ್ಟ್, 19 ಮಾರ್ಚ್ 1975. ಕ್ರೌರ್ಯ ಅಂದರೇನು ಅನ್ನುವುದಕ್ಕೆ ಇವತ್ತಿಗೂ ವಕೀಲರು ಓದುವ ತೀರ್ಪು. ಅದರಲ್ಲಿ ಹೆಂಡತಿಯಿಂದ ಕ್ರೌರ್ಯ ಆಗಿದೆ ಅಂತ ಸುಪ್ರೀಂ ಕೋರ್ಟೇ ಒಪ್ಪಿತು. ಆದರೂ ಗಂಡನಿಗೆ ಏನೂ ಸಿಗಲಿಲ್ಲ. ಅದು ಹೇಗೆ ಅಂತ ನೋಡೋಣ.

ಗಂಡ ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದವರು, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ನೀರಾವರಿ ಸಂಶೋಧನೆಯಲ್ಲಿ ಡಾಕ್ಟರೇಟ್ ತಂದವರು. ಸರ್ಕಾರಿ ನೌಕರಿ. ಮಧ್ಯಮ ವರ್ಗದ, ಮಡಿವಂತ ಮರಾಠಿ ಮನೆತನ. ಹೆಂಡತಿಯದ್ದೂ ಮರಾಠಿ ಮನೆತನವೇ, ಆದರೆ ಬೆಳೆದದ್ದು ಹೆಚ್ಚಾಗಿ ಮಹಾರಾಷ್ಟ್ರದ ಹೊರಗೆ. ತಂದೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಅಧಿಕಾರಿ. ಈಕೆ 1954ರಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮಾಡಿ, ತಂದೆ ಜಪಾನಿನ ರಾಯಭಾರ ಕಚೇರಿಯಲ್ಲಿದ್ದಾಗ ಒಂದು ವರ್ಷ ಅಲ್ಲೂ ಇದ್ದು ಬಂದವರು. ಎರಡು ಮನೆಗಳ ರೀತಿ ರಿವಾಜು ಎಷ್ಟು ದೂರ ದೂರ ಅಂತ ಇಷ್ಟರಲ್ಲೇ ಗೊತ್ತಾಗುತ್ತೆ, ಅಲ್ವಾ?

ಮದುವೆ ಮಾತುಕತೆ ನಡೆಯುವಾಗಲೇ ಹುಡುಗಿಯ ತಂದೆ ಹುಡುಗನ ತಂದೆಗೆ ಎರಡು ಪತ್ರ ಬರೆದರು. ಮಗಳಿಗೆ ಹಿಂದೊಮ್ಮೆ ಬಿಸಿಲಿನ ಹೊಡೆತ ಬಿದ್ದು ಸ್ವಲ್ಪ ಕಾಲ ಮನಸ್ಸು ಸ್ಥಿಮಿತದಲ್ಲಿರಲಿಲ್ಲ, ಪುಣೆಯ ಯರವಡಾ ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿತ್ತು, ಈಗ ಸರಿಹೋಗಿದ್ದಾಳೆ, ಬೇಕಾದರೆ ವೈದ್ಯರನ್ನು ವಿಚಾರಿಸಿ ಅಂತ. ಹುಡುಗನ ತಂದೆ ವಿಚಾರಿಸಿದರೂ ಕೂಡ. ಹೆಣ್ಣಿನ ಕಡೆಯವರು ಇಷ್ಟು ಬಿಚ್ಚಿ ಹೇಳುವುದು ಇವತ್ತಿಗೂ ಅಪರೂಪ. ಈ ಪತ್ರಗಳು ಮುಂದೆ ಕೋರ್ಟಿಗೆ ಬರುತ್ತವೆ.

ಮದುವೆ ಆದದ್ದು 13 ಮೇ 1956, ಪುಣೆಯಲ್ಲಿ. ಹೊಸ ಸಂಸಾರ ಹೂಡಿದ್ದು ಮಾತ್ರ ನಮ್ಮ ಅರಭಾವಿಯಲ್ಲಿ! ಬೆಳಗಾವಿ ಜಿಲ್ಲೆ, ಗೋಕಾಕದ ಹತ್ತಿರ, ಈಗ ತೋಟಗಾರಿಕೆ ಕಾಲೇಜು ಇರುವ ಊರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿದ್ದರು. 1956ರ ನವೆಂಬರ್ 1ಕ್ಕೆ ಅವರಿಗೆ ಪುಣೆಗೆ ವರ್ಗವಾಯಿತು. ಅವತ್ತೇ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ತೀರ್ಪಿನಲ್ಲಿ ಆ ತಾರೀಖು ಕಂಡಾಗ ಕನ್ನಡದವನಿಗೆ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತೆ.

ಆಮೇಲೆ ಪುಣೆ, ಅಲ್ಲಿಂದ ದೆಹಲಿ. 1957ರ ಮಾರ್ಚ್‌ನಲ್ಲಿ ಮೊದಲ ಮಗಳು, 1959ರ ಮಾರ್ಚ್‌ನಲ್ಲಿ ಎರಡನೇ ಮಗಳು. ಈ ನಡುವೆ ಜಗಳ ಶುರುವಾಗಿ, ನಿಂತು, ಮತ್ತೆ ಶುರುವಾಗುತ್ತಾ ಇತ್ತು. ಜಗಳ ಆದ ಮೇಲೆ ಹೆಂಡತಿ ಪತ್ರ ಬರೆದು ತಪ್ಪಾಯಿತು ಅಂತ ಒಪ್ಪಿಕೊಂಡದ್ದೂ ಇದೆ. ಗಂಡ ಆ ಪತ್ರಗಳನ್ನು ಎತ್ತಿಟ್ಟುಕೊಂಡರು. ಪತ್ರ ಎತ್ತಿಡುವ ಗಂಡನ ಬಗ್ಗೆ ನನಗೆ ಯಾವತ್ತೂ ಸ್ವಲ್ಪ ಅನುಮಾನವೇ. ಆದರೆ ವಕೀಲನಾಗಿ ಹೇಳುವುದಾದರೆ ಆ ಪತ್ರಗಳಿಲ್ಲದೆ ಈ ಕೇಸೇ ಇಲ್ಲ.

1961ರ ಜನವರಿಯಲ್ಲಿ ಗಂಡನ ತಮ್ಮನ ಮದುವೆಗೆ ಅಂತ ಇಬ್ಬರೂ ಪುಣೆಗೆ ಬಂದರು. ಫೆಬ್ರುವರಿ 27ಕ್ಕೆ ಗಂಡ ಹೆಂಡತಿಯನ್ನು ಯರವಡಾ ಆಸ್ಪತ್ರೆಯ ಮುಖ್ಯ ವೈದ್ಯರ ಹತ್ತಿರ ಕರೆದೊಯ್ದರು. ವೈದ್ಯರು, ಇನ್ನೂ ಕೆಲವು ಸಲ ಈಕೆಯೊಬ್ಬರ ಜೊತೆಯೇ ಕೂತು ಮಾತಾಡಬೇಕು ಅಂದರು. ಆಕೆಗೆ ಅದು ಹಿಡಿಸಲಿಲ್ಲ. ನನಗೆ ಹುಚ್ಚು ಅಂತ ದಾಖಲೆ ಮಾಡಿಸೋಕೆ ಈ ಕರೆದಾಟ ಅಂತ ಆಕೆಯ ನಂಬಿಕೆ. ಸಂಜೆ ತನ್ನ ಚೂರುಪಾರು ಸಾಮಾನು ಕಟ್ಟಿಕೊಂಡು, ಅದೇ ಊರಿನಲ್ಲಿದ್ದ ತನ್ನ ನೆಂಟರ ಮನೆಗೆ ಹೊರಟರು. ಬಿಟ್ಟು ಬಂದದ್ದು ಗಂಡನೇ. ಅವತ್ತಿನಿಂದ ಇಬ್ಬರೂ ಒಂದು ಸೂರಿನ ಕೆಳಗೆ ಇರಲಿಲ್ಲ.

ಆ ಸಂಜೆ ಆಕೆ ಮೂರು ತಿಂಗಳ ಬಸುರಿ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಕೇಸು ತಿರುಗಿದ್ದೇ ಇದರ ಮೇಲೆ.

ಬಿಟ್ಟವರು ಯಾರು?

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈಗಿನ ಕಾಲದ ಕಕ್ಷಿದಾರ ಇದೇ ಕತೆ ಹೇಳಿದ್ದರೆ, "ಬ್ಯಾಗು ತಗೊಂಡು ಹೋದವಳು ಅವಳೇ ಸಾರ್, ಡಿಸರ್ಷನ್ ಆಯ್ತಲ್ಲ" ಅನ್ನುತ್ತಿದ್ದ. ಆಗಲಿಲ್ಲ. ಗಂಡ ಈ ಕಾರಣವನ್ನು ಎತ್ತಲೂ ಇಲ್ಲ. ಎತ್ತಿದ್ದರೂ ನಡೆಯುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಒಂದು, ಅವಧಿ. ಪರಿತ್ಯಾಗ ಅನ್ನಬೇಕಾದರೆ ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷ ಸತತವಾಗಿ ಬಿಟ್ಟು ಹೋಗಿರಬೇಕು. ಇವರು ಕೋರ್ಟಿಗೆ ಹೋದದ್ದು 1962ರ ಫೆಬ್ರುವರಿಯಲ್ಲಿ. ಬೇರೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ.

ಅವಧಿಗಿಂತ ದೊಡ್ಡದು ಇನ್ನೊಂದಿದೆ. ಮನೆಯಿಂದ ಹೊರಗೆ ಕಾಲಿಟ್ಟರೆ ಅದಷ್ಟೇ ಪರಿತ್ಯಾಗ ಅಲ್ಲ. ಸಂಸಾರ ಇನ್ನು ಬೇಡವೇ ಬೇಡ ಅನ್ನುವ ಗಟ್ಟಿ ಮನಸ್ಸೂ ಇರಬೇಕು. ಉಳಿದವರ ಒಪ್ಪಿಗೆ ಇರಬಾರದು, ಹೋಗುವುದಕ್ಕೆ ಅವರೇ ತಕ್ಕ ಕಾರಣ ಕೊಟ್ಟಿರಬಾರದು. ಇದನ್ನು ಸುಪ್ರೀಂ ಕೋರ್ಟ್ 1956ರಲ್ಲೇ ಬಿಪಿನ್‌ಚಂದ್ರ ಪ್ರಕರಣದಲ್ಲಿ ಬಿಡಿಸಿ ಹೇಳಿತ್ತು. ಆ ಕತೆಯೂ ಸ್ವಾರಸ್ಯದ್ದೇ. ಗಂಡ 1947ರಲ್ಲಿ ಇಂಗ್ಲೆಂಡಿನಿಂದ ಬಂದಾಗ ಹೆಂಡತಿ ಇನ್ನೊಬ್ಬನಿಗೆ ಬರೆದ ಪತ್ರ ಕೈಗೆ ಸಿಗುತ್ತೆ. ನಾಲ್ಕೇ ದಿನದಲ್ಲಿ ಆಕೆ ಮುಂಬಯಿ ಬಿಟ್ಟು ಜಳಗಾಂವ್‌ನ ತವರಿಗೆ ಹೋಗುತ್ತಾಳೆ. ಆಮೇಲೆ ಹಿರಿಯರು ಸಂಧಾನಕ್ಕೆ ಓಡಾಡುವಾಗ ಗಂಡ ಮಾವನಿಗೆ ಟೆಲಿಗ್ರಾಂ ಹೊಡೆಯುತ್ತಾನೆ, ಅವಳನ್ನು ಕಳಿಸಲೇಬೇಡಿ ಅಂತ. ನಾಲ್ಕು ವರ್ಷ ಆದ ಮೇಲೆ, ಆಗಿನ ಮುಂಬಯಿ ಕಾಯ್ದೆಗೆ ಅಷ್ಟು ಬೇಕಿತ್ತು, ಬಿಟ್ಟು ಹೋದಳು ಅಂತ ಡೈವೋರ್ಸ್ ಕೇಳುತ್ತಾನೆ. ಮೊದಲ ಕೋರ್ಟಿನಲ್ಲಿ ಗೆದ್ದ, ಮೇಲ್ಮನವಿಯಲ್ಲಿ ಸೋತ, ಸುಪ್ರೀಂ ಕೋರ್ಟಿನಲ್ಲೂ ಸೋತ. ಆಕೆ ಹೋದದ್ದು ಮುಖ ತೋರಿಸಲಾಗದ ನಾಚಿಕೆಯಿಂದ, ಬಿಟ್ಟೇಬಿಡಬೇಕು ಅಂತಲ್ಲ. ವಾಪಸ್ ಬರುವ ದಾರಿಗೆ ಅಡ್ಡ ನಿಂತವನು ನೀನೇ ಅಂತ ಕೋರ್ಟ್ ನೋಡಿತು.

ಅಂದಿನ ಟೆಲಿಗ್ರಾಂ ಇಂದಿನ ವಾಟ್ಸ್‌ಆಪ್. "ಇನ್ಮೇಲೆ ಈ ಮನೆ ಕಡೆ ಬರ್ಬೇಡ, ಏನಿದ್ರೂ ಲಾಯರ್ ಹತ್ರ ಮಾತಾಡು" ಅಂತ ಸಿಟ್ಟಿನಲ್ಲಿ ಒಂದು ಮೆಸೇಜ್ ಹಾಕಿ, ಎರಡು ವರ್ಷ ಕಾದು, ಬಿಟ್ಟು ಹೋದಳು ಅಂತ ಅರ್ಜಿ ಹಾಕಿಸುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಆ ಸ್ಕ್ರೀನ್‌ಶಾಟ್ ಹೊರಗೆ ತೆಗೆದಾಗ ಮುಖ ಬಿಳುಚಿಕೊಳ್ಳುತ್ತೆ.

ದಾಸ್ತಾನೆ ಕೇಸಿಗೆ ಬಂದರೆ, ಬಿಟ್ಟವರು ಗಂಡ ಅಂತಲೇ ಹೆಂಡತಿಯ ದೂರು. ಮಾರ್ಚ್‌ನಲ್ಲಿ ಗಂಡ ಪೊಲೀಸರಿಗೆ ಪತ್ರ ಬರೆದು, ಹೆಂಡತಿಯ ತಂದೆತಾಯಿ, ನೆಂಟರಿಂದ ಜೀವಭಯ ಇದೆ, ರಕ್ಷಣೆ ಕೊಡಿ ಅಂದರು. ಆಮೇಲೆ ದೆಹಲಿಗೆ ಹೊರಟರು. ಹೆಂಡತಿ ಪುಣೆಯಲ್ಲೇ ಉಳಿದರು. ಆಕೆಯೂ ಪೊಲೀಸರ ಮುಂದೆ ಹೇಳಿಕೆ ಕೊಟ್ಟರು, ನನ್ನನ್ನು ಹಿಂಸೆ ಮಾಡಿ ಕೈಬಿಟ್ಟಿದ್ದಾರೆ ಅಂತ. ಮೇ 19ಕ್ಕೆ ಗಂಡನ ಇಲಾಖೆಗೇ, ಆಹಾರ ಮತ್ತು ಕೃಷಿ ಸಚಿವಾಲಯದ ಕಾರ್ಯದರ್ಶಿಗೇ ದೂರು ಬರೆದರು: ಗಂಡನ ಕ್ರೌರ್ಯ ವಿಪರೀತ, ನನಗೆ ಜೀವನಾಂಶದ ವ್ಯವಸ್ಥೆ ಮಾಡಿಸಿಕೊಡಿ. ಆಗಸ್ಟ್ 19ಕ್ಕೆ ಮೂರನೇ ಮಗಳು ಹುಟ್ಟಿದಳು.

ಕೋರ್ಟಿನಲ್ಲಿ ಕೇಳಿದ್ದು

ಗಂಡ ಮೂರು ಬೇಡಿಕೆ ಇಟ್ಟರು. ಹುಡುಗಿಯ ಮಾನಸಿಕ ಸ್ಥಿತಿ ಮುಚ್ಚಿಟ್ಟು ಮದುವೆ ಮಾಡಿದ್ದಾರೆ, ಮದುವೆಯೇ ರದ್ದಾಗಲಿ. ಅದಾಗದಿದ್ದರೆ ಆಕೆಗೆ ಬುದ್ಧಿಭ್ರಮಣೆ ಇದೆ, ಡೈವೋರ್ಸ್ ಕೊಡಿ. ಅದೂ ಆಗದಿದ್ದರೆ ಆಕೆಯ ಕ್ರೌರ್ಯದಿಂದ ಜೊತೆಗಿರುವುದೇ ಅಪಾಯ, ನ್ಯಾಯಿಕ ಬೇರ್ಪಡೆ ಕೊಡಿ. ನ್ಯಾಯಿಕ ಬೇರ್ಪಡೆ ಅಂದರೆ ಮದುವೆ ಉಳಿಯುತ್ತೆ, ಜೊತೆಗೆ ಬಾಳುವ ಹೊಣೆ ಇರಲ್ಲ.

ಕ್ರೌರ್ಯಕ್ಕೆ ನೇರ ಡೈವೋರ್ಸ್ ಯಾಕೆ ಕೇಳಲಿಲ್ಲ? ಆಗ ಹಾಗೆ ಕೇಳುವಂತಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯಕ್ಕೂ ಪರಿತ್ಯಾಗಕ್ಕೂ ಸಿಗುತ್ತಿದ್ದದ್ದು 10ನೇ ಕಲಮಿನ ಕೆಳಗೆ ನ್ಯಾಯಿಕ ಬೇರ್ಪಡೆ ಮಾತ್ರ. ಆ ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಆದ ಮೇಲೂ ಎರಡು ವರ್ಷ ಒಂದಾಗದಿದ್ದರೆ ಆಗ ಡೈವೋರ್ಸ್ ಕೇಳಬಹುದಿತ್ತು. ಎರಡು ಬಾಗಿಲ ಮನೆ.

ಮೋಸದ ವಾದ ನಿಲ್ಲಲಿಲ್ಲ. ಮಾವನೇ ಎರಡೆರಡು ಪತ್ರ ಬರೆದು ಆಸ್ಪತ್ರೆಯ ಹೆಸರನ್ನೂ ಹೇಳಿದ ಮೇಲೆ ಮುಚ್ಚಿಟ್ಟರು ಅನ್ನೋಕೆ ಬಾಯಿ ಎಲ್ಲಿಂದ ಬರುತ್ತೆ? ಬುದ್ಧಿಭ್ರಮಣೆಯೂ ನಿಲ್ಲಲಿಲ್ಲ. ಕ್ರೌರ್ಯವನ್ನು ಮಾತ್ರ ಪುಣೆಯ ಮೊದಲ ಕೋರ್ಟ್ ಒಪ್ಪಿ ಬೇರ್ಪಡೆಯ ಡಿಕ್ರಿ ಕೊಟ್ಟಿತು. ಇಬ್ಬರೂ ಮೇಲ್ಮನವಿ ಹಾಕಿದರು. ಜಿಲ್ಲಾ ಕೋರ್ಟ್ ಹೆಂಡತಿಯ ಕಡೆ ವಾಲಿತು. ಮುಂಬಯಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿಗೆ ಹೋದದ್ದು ಕ್ರೌರ್ಯದ ಪ್ರಶ್ನೆ ಒಂದೇ.

ಅಲ್ಲಿ ತೀರ್ಪು ಬರೆದವರು ಮುಂದೆ ಮುಖ್ಯ ನ್ಯಾಯಮೂರ್ತಿಯಾದ ವೈ.ವಿ. ಚಂದ್ರಚೂಡ್. ಹೈಕೋರ್ಟ್ ಸಾಕ್ಷ್ಯ ಸರಿಯಾಗಿ ನೋಡಿಲ್ಲ ಅಂತ ಕಂಡರೆ ವಾಪಸ್ ಕಳಿಸುವುದು ವಾಡಿಕೆ. ಆದರೆ ಹದಿಮೂರು ವರ್ಷ ಎಳೆದಾಡಿದ ವ್ಯಾಜ್ಯ, ಮತ್ತೆ ಕಳಿಸುವುದು ಬೇಡ ಅಂತ ಕಡತವನ್ನೆಲ್ಲ ತಾವೇ ಓದಿದರು. ಗಂಡ ಹೆಂಡತಿ ಜಗಳದ ಕಡತವನ್ನು ಸುಪ್ರೀಂ ಕೋರ್ಟ್ ಇಷ್ಟು ಹತ್ತಿರದಿಂದ ಓದಿದ್ದು ಅಪರೂಪ.

ಗಂಡ ಹೇಳಿದ ದೂರುಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಜೊಳ್ಳೂ ಇತ್ತು. ದಿನನಿತ್ಯದ ಸಣ್ಣಪುಟ್ಟ ಕಿರಿಕಿರಿಯನ್ನು ಸಂಸಾರದ ಸವಕಲು ಅಂತ ಪಕ್ಕಕ್ಕೆ ಇಡಬೇಕಾಗುತ್ತೆ. ಹೆಂಡತಿಯ ಮಾತಿನಲ್ಲೂ ನಿಜ ಇತ್ತು: ಗಂಡ ಎಲ್ಲದಕ್ಕೂ ಸೂಚನೆ ಕೊಡುವವರು, ಹೀಗೆ ಮಾಡು, ಹಾಗೆ ಮಾಡಬೇಡ ಅಂತ ಕಾಟ ಕೊಡುವವರು. ಜೊಳ್ಳು ತೂರಿದ ಮೇಲೆ ಉಳಿದದ್ದು ಮಾತ್ರ ಗಟ್ಟಿ ಕಾಳು. ಮಂಗಳಸೂತ್ರ ಕಿತ್ತು ಹಾಕಿದ್ದು. ಗಂಡ ಆಫೀಸಿನಿಂದ ಬರುವ ಹೊತ್ತಿಗೆ ಮನೆಗೆ ಬೀಗ ಹಾಕಿ ಹೊರಗೆ ನಿಲ್ಲಿಸಿದ್ದು. ಎಳೇ ಮಗುವಿನ ನಾಲಿಗೆಗೆ ಖಾರದ ಪುಡಿ ಉಜ್ಜಿದ್ದು. ಜ್ವರದಲ್ಲಿ ಬೇಯುತ್ತಿದ್ದ ಮಗುವಿಗೆ ಹೊಡೆದದ್ದು. ರಾತ್ರಿ ದೀಪ ಹಾಕಿ ಗಂಡನ ಹಾಸಿಗೆ ಪಕ್ಕ ಕೂತು, ಸುಮ್ನೆ ಪೀಡಿಸುವುದಕ್ಕೆ ಅಂತಲೇ, ಮಾತು ಹಚ್ಚುತ್ತಿದ್ದದ್ದು. ಜೊತೆಗೆ ಬೆದರಿಕೆಗಳು: ಪ್ರಾಣ ಕಳಕೊಳ್ಳುತ್ತೇನೆ, ಮನೆಗೆ ಬೆಂಕಿ ಇಡುತ್ತೇನೆ, ನಿನ್ನ ಕೆಲಸ ಕಳೆಯುತ್ತೇನೆ, ಪುಣೆಯ ಪೇಪರಿನಲ್ಲಿ ಹಾಕಿಸುತ್ತೇನೆ.

ಬೈಗುಳಗಳ ವಿಷಯಕ್ಕೆ ಬಂದರೆ ಎರಡು ಸಾಕು. ಗಂಡನ ತಂದೆ ವಕೀಲರು, ಪುಸ್ತಕವನ್ನೂ ಬರೆದವರು. "ನಿಮ್ಮಪ್ಪನ ವಕೀಲಿ ಸನದು ರದ್ದಾಗಿಹೋಗಲಿ." "ನಿಮ್ಮಪ್ಪ ಬರೆದ ಪುಸ್ತಕ ಸುಟ್ಟು ಬೂದಿ ಹಣೆಗೆ ಬಳಕೋ." ಮರಾಠಿಯಲ್ಲಿ ಬೈದದ್ದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನನ್ನ ಕನ್ನಡಕ್ಕೆ ಬಂದರೂ ಅದರ ಉರಿ ಆರಿಲ್ಲ. ಇಡೀ ಮನೆತನ ಹಾಳಾಗುವುದನ್ನು ನೋಡಬೇಕು ಅಂದದ್ದೂ ಇದೆ. ಮಕ್ಕಳು ನಿನ್ನವಲ್ಲ ಅನ್ನುವ ಅರ್ಥದ ಮಾತೂ ಇದೆ.

ಇದೆಲ್ಲ ಗಂಡನ ಬಾಯಿಮಾತಷ್ಟೇ ಆಗಿದ್ದರೆ ಕತೆ ಬೇರೆ. ಹೆಂಡತಿಯೇ ತಪ್ಪೊಪ್ಪಿಕೊಂಡ ಪತ್ರಗಳಿದ್ದವು. ಅವನ್ನು ಗಂಡ ಹೇಳಿ ಬರೆಸಿದ್ದು ಅಂತ ಆಕೆ ವಾದಿಸಿದರು. ಕೋರ್ಟ್ ನಂಬಲಿಲ್ಲ.

ಇಲ್ಲಿ ಎರಡು ಕಾನೂನು ಮಾತು ಬಂದವು. ಎರಡೂ ಇವತ್ತಿಗೂ ನಮ್ಮ ದಿನದ ಅನ್ನ. ಕ್ರೌರ್ಯವನ್ನು ಎಷ್ಟು ಗಟ್ಟಿಯಾಗಿ ಸಾಬೀತು ಮಾಡಬೇಕು? ಸಂಶಯಕ್ಕೆ ಎಡೆಯಿಲ್ಲದ ಹಾಗೆ ಅಂತ ಹೈಕೋರ್ಟ್ ಹೇಳಿತ್ತು. ಅದು ಕೊಲೆ, ದರೋಡೆ ಕೇಸಿನ ಅಳತೆ. ಸಂಸಾರದ ವ್ಯಾಜ್ಯ ಸಿವಿಲ್ ವ್ಯಾಜ್ಯ, ಯಾವುದು ನಡೆದಿರುವ ಸಂಭವ ಜಾಸ್ತಿ ಅಂತ ತೂಗಿದರೆ ಸಾಕು ಅಂದರು ಚಂದ್ರಚೂಡ್. ನಾಲ್ಕು ಗೋಡೆಯ ಒಳಗೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಈ ಒಂದು ಮಾತು ಇಲ್ಲದಿದ್ದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಧಕ್ಕರ್ಧ ಕೇಸು ಬಿದ್ದುಹೋಗುತ್ತಿದ್ದವು.

ಇನ್ನೊಂದು, ಯಾರ ಅಳತೆಯಲ್ಲಿ ಕ್ರೌರ್ಯ? ಸಾಮಾನ್ಯ ಗಂಡ, ಸಾಮಾನ್ಯ ಹೆಂಡತಿ ಅಂತ ಒಂದು ಬೊಂಬೆ ಮಾಡಿ ಅದರ ಪಕ್ಕ ಇವರನ್ನು ನಿಲ್ಲಿಸುವ ಹಾಗಿಲ್ಲ. ಎದುರಿಗೆ ಇರುವ ಈ ಗಂಡಸು, ಈ ಹೆಂಗಸು, ಇವರಿಬ್ಬರ ಮಟ್ಟಿಗೆ ಏನಾಯಿತು ಅಂತ ನೋಡಬೇಕು. ಆದರ್ಶ ದಂಪತಿ ಆಗಿದ್ದರೆ ಇಂಥ ಕೋರ್ಟಿಗೇ ಬರುತ್ತಿರಲಿಲ್ಲವಲ್ಲ ಅಂತ ತೀರ್ಪಿನಲ್ಲೇ ಒಂದು ಚುಟುಕು ಇದೆ. ಮೈಗೆ ಪೆಟ್ಟು ಬೀಳಲೇಬೇಕು, ಜೀವಕ್ಕೆ ಅಪಾಯ ಆಗಲೇಬೇಕು ಅನ್ನುವ ಹಳೇ ಇಂಗ್ಲಿಷ್ ಅಳತೆಯೂ ಇಲ್ಲಿಗೆ ಬೇಡ ಅಂದರು.

ಹೀಗೆ ಅಳೆದು ನೋಡಿದಾಗ, ಕ್ರೌರ್ಯ ಹೌದು. ಗಂಡ ಗೆದ್ದ ಅಂತಲೇ ಅನ್ನಿಸುತ್ತೆ, ಆ ಪುಟದವರೆಗೆ.

ಮೂರು ತಿಂಗಳ ಲೆಕ್ಕ

ಕಾಯ್ದೆಯ 23ನೇ ಕಲಮು ಅಂತ ಒಂದಿದೆ. ಕಕ್ಷಿದಾರರು ಇದರ ಹೆಸರೇ ಕೇಳಿರಲ್ಲ, ಕೆಲವು ವಕೀಲರೂ ಮರೆತಿರುತ್ತಾರೆ. ಕಾರಣ ಸಾಬೀತಾದ ಮಾತ್ರಕ್ಕೆ ಡಿಕ್ರಿ ಸಿಗಲ್ಲ ಅನ್ನುತ್ತೆ ಅದು. ಅರ್ಜಿದಾರ ತನ್ನದೇ ತಪ್ಪಿನ ಲಾಭ ಪಡೆಯುತ್ತಿರಬಾರದು. ಕ್ರೌರ್ಯದ ಕೇಸಾದರೆ ಆ ಕ್ರೌರ್ಯವನ್ನು ಮನ್ನಿಸಿರಬಾರದು. ಎದುರಿನವರು ಈ ಮಾತು ಎತ್ತದಿದ್ದರೂ ಕೋರ್ಟ್ ತಾನಾಗಿ ನೋಡಲೇಬೇಕು.

ಮನ್ನಿಸುವುದು ಅಂದರೆ ಎರಡು: ಕ್ಷಮಿಸುವುದು, ಮತ್ತು ಮೊದಲಿನ ಸ್ಥಾನದಲ್ಲೇ ಮತ್ತೆ ಇಟ್ಟುಕೊಳ್ಳುವುದು. ಬರೇ ಒಂದೇ ಮನೆಯಲ್ಲಿ ಇದ್ದರು ಅನ್ನುವುದು ಇದಕ್ಕೆ ಸಾಲದು. ಈ ಜಾಗದಲ್ಲಿ ತೀರ್ಪು ತುಂಬ ವಿವೇಕದ ಮಾತಾಡುತ್ತೆ. ಕ್ರೌರ್ಯ ಒಂದೇ ದಿನದ್ದಲ್ಲ, ದಿನಾ ದಿನಾ ಸೇರಿ ಆಗುವಂಥದ್ದು. ಮೊದಲ ಏಟಿಗೇ ಮನೆ ಬಿಡದಿದ್ದರೆ ಕ್ಷಮಿಸಿದ ಹಾಗೆ ಅಂತ ಕಾನೂನು ಹೇಳುವುದಾದರೆ ಯಾರೂ ಸಂಸಾರ ಸರಿಮಾಡಿಕೊಳ್ಳಲು ಕಾಯುವುದೇ ಇಲ್ಲ. ಎಷ್ಟು ಸರಿ. "ಇಷ್ಟು ವರ್ಷ ಯಾಕಮ್ಮ ಸುಮ್ಮನಿದ್ದೆ?" ಅಂತ ಪಾಟಿ ಸವಾಲಿನಲ್ಲಿ ಕೇಳುವವರಿಗೆಲ್ಲ ನಾನು ಈ ಸಾಲನ್ನೇ ಮುಂದಿಡುತ್ತೇನೆ.

ಆದರೆ ಈ ಗಂಡನ ಮಟ್ಟಿಗೆ ಇನ್ನೂ ಇತ್ತು. 1961ರ ಫೆಬ್ರುವರಿ ಕೊನೆಗೆ ಆಕೆಗೆ ಮೂರು ತಿಂಗಳು. ಹಿಂದಕ್ಕೆ ಎಣಿಸಿದರೆ 1960ರ ನವೆಂಬರ್ ಕೊನೆ. ದೂರಿನಲ್ಲಿರುವ ದೊಡ್ಡ ದೊಡ್ಡ ಘಟನೆಗಳೆಲ್ಲ ಆಗಿ ಮುಗಿದ ಮೇಲೂ ಇಬ್ಬರ ದಾಂಪತ್ಯ ಎಂದಿನ ಹಾಗೆ ನಡೆದಿತ್ತು ಅಂತಲೇ ಅರ್ಥ. ಜೊತೆಗಿರುವುದೇ ಅಪಾಯ ಅಂತ ಹೆದರಿದವರು ಹಾಗಿರುತ್ತಾರಾ? ಕ್ರೌರ್ಯಕ್ಕೆ ಎಷ್ಟು ಗಟ್ಟಿ ಸಾಕ್ಷ್ಯ ಇದೆಯೋ ಮನ್ನಿಸಿದ್ದಕ್ಕೂ ಅಷ್ಟೇ ಗಟ್ಟಿ ಸಾಕ್ಷ್ಯ ಇದೆ ಅಂದಿತು ಕೋರ್ಟ್.

ಈ ಭಾಗ ಓದಿದಾಗೆಲ್ಲ ನನಗೆ ಒಳಗೊಳಗೆ ಇರುಸುಮುರುಸು. ಈ ಕೇಸಿನಲ್ಲಿ ದೂರು ಕೊಟ್ಟವನು ಗಂಡಸು, ಸರಿ. ಜಾಗ ಅದಲುಬದಲಾಗಿ, ದಿನಾ ಹೊಡೆತ ತಿಂದು ಬಂದವಳು ಹೆಂಗಸಾಗಿದ್ದರೆ? ಬಸುರಾದದ್ದು ಕ್ಷಮೆಗೆ ಸಾಕ್ಷಿ ಅನ್ನೋಕೆ ಆಗುತ್ತಾ? ನಮ್ಮ ಮನೆಗಳಲ್ಲಿ ಆ ವಿಷಯದಲ್ಲಿ ಹೆಂಗಸಿನ ಇಷ್ಟವನ್ನು ಕೇಳುವವರು ಯಾರು? ಹೆಂಡತಿಯ ಪರ ಅರ್ಜಿ ಬರೆಯುವಾಗ ಇದನ್ನು ಮೊದಲೇ ಯೋಚಿಸಿ, ಆ ದಿನಗಳಲ್ಲಿ ಆಕೆ ಯಾವ ಗತಿಯಲ್ಲಿದ್ದಳು ಅಂತ ವಿವರವಾಗಿ ಬರೆಯುತ್ತೇನೆ. ಬರೆಯದೆ ಬಿಟ್ಟರೆ ಎದುರು ವಕೀಲರು ಮಗುವಿನ ಜನನ ಪ್ರಮಾಣಪತ್ರ ಹಿಡಿದು ತಿಂಗಳು ಎಣಿಸಲು ಶುರುಮಾಡುತ್ತಾರೆ.

ಗಂಡನಿಗೆ ಇನ್ನೊಂದು ಬಾಗಿಲಿತ್ತು. ಕ್ಷಮೆ ಅನ್ನುವುದು ಷರತ್ತಿನ ಕ್ಷಮೆ. ಕ್ಷಮಿಸಿದ ಮೇಲೆ ಮತ್ತೆ ತಪ್ಪಿ ನಡೆದರೆ ಹಳೆಯದೂ ಎದ್ದು ಕೂರುತ್ತೆ. ಇಲಾಖೆಗೆ ಬರೆದ ಆ ಮೇ ತಿಂಗಳ ದೂರು ಇದೆಯಲ್ಲ, ಅದು ಹೊಸ ಕ್ರೌರ್ಯ ಆಗಲಿಲ್ಲವಾ?

ಆಗಬಹುದಿತ್ತು. ಗಂಡನ ಮೇಲಧಿಕಾರಿಗೆ ಬರೆಯುವುದು ಸಣ್ಣ ವಿಷಯ ಅಲ್ಲ. ಈಗಿನ ತೀರ್ಪುಗಳಲ್ಲಿ ಸುಳ್ಳು ದೂರು ಕೊಟ್ಟು ಕೆಲಸಕ್ಕೆ ಕುತ್ತು ತಂದರೆ ಅದನ್ನು ಮಾನಸಿಕ ಕ್ರೌರ್ಯ ಅಂತಲೇ ಹಿಡಿಯುತ್ತಾರೆ. ಆದರೆ ಆಕೆ ಬರೆದದ್ದು ಯಾವ ಹೊತ್ತಿನಲ್ಲಿ? ಆರು ತಿಂಗಳ ಬಸುರಿ, ಗಂಡ ದೆಹಲಿಯಲ್ಲಿ, ಅದಕ್ಕೂ ಮೊದಲೇ ಪೊಲೀಸರಿಗೆ ಪತ್ರ, ವಾಪಸ್ ಕರೆಸಿಕೊಳ್ಳುವ ಮನಸ್ಸು ಆತನಿಗಿಲ್ಲ. ಗೋಡೆಗೆ ಒತ್ತಿ ನಿಲ್ಲಿಸಿದ ಮೇಲೆ ಕೂಗಿದ್ದನ್ನು ಹಳೇ ತಪ್ಪಿಗೆ ಜೀವ ತುಂಬಲು ಬಳಸುವ ಹಾಗಿಲ್ಲ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಹಳೇ ಕ್ರೌರ್ಯ ಮತ್ತೆ ಏಳಲಿಲ್ಲ. ಗಂಡನ ಮೇಲ್ಮನವಿ ವಜಾ.

ಗಮನಿಸಿ, ಆಕೆ ಒಳ್ಳೆಯವರು ಅಂತ ಕೋರ್ಟ್ ಎಲ್ಲೂ ಹೇಳಲಿಲ್ಲ. ಗಂಡ ಆಮೇಲೆ ಹೇಗೆ ನಡೆದುಕೊಂಡರು ಅನ್ನುವುದಕ್ಕೆ ಬೆಲೆ ಕೊಟ್ಟಿತು. ನನ್ನ ಹತ್ತಿರ ಪಟ್ಟಿ ತರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಅದಕ್ಕೇ: ಇದೆಲ್ಲ ಆದ ಮೇಲೆ ನೀವು ಏನು ಮಾಡಿದಿರಿ? ಮಾತಾಡಿಸಿದಿರಾ? ಕರೆಯಲು ಹೋದಿರಾ? ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿ ಫೋಟೊ ಹಾಕಿದಿರಾ? ಅರ್ಧ ಜನ ಈ ಪ್ರಶ್ನೆಗೆ ತಯಾರೇ ಇರಲ್ಲ.

ಇದೇ ಕೇಸು ಇವತ್ತು ಬಂದರೆ?

ತೀರ್ಪು ಬಂದ ಮರುವರ್ಷವೇ, 1976ರಲ್ಲಿ, ಕಾಯ್ದೆ ತಿದ್ದುಪಡಿಯಾಯಿತು. ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ಎರಡೂ 13ನೇ ಕಲಮಿಗೆ ಬಂದು ನೇರ ಡೈವೋರ್ಸಿಗೆ ಕಾರಣವಾದವು. ಜೊತೆಗಿದ್ದರೆ ಹಾನಿಯಾದೀತು ಅನ್ನುವ ಭಯ ತೋರಿಸಬೇಕು ಅನ್ನುವ ಮಾತೂ ಹೋಯಿತು. ಆಮೇಲೆ 1988ರ ಶೋಭಾ ರಾಣಿ ತೀರ್ಪು, 1994ರ ಭಗತ್ ತೀರ್ಪು, 2007ರ ಸಮರ್ ಘೋಷ್ ತೀರ್ಪು ಮಾನಸಿಕ ಕ್ರೌರ್ಯದ ವ್ಯಾಪ್ತಿ ಹಿಗ್ಗಿಸುತ್ತಾ ಹೋದವು. ದಾಸ್ತಾನೆ ಗಂಡನಿಗೆ ಈಗಿನ ಕಾನೂನಿನಲ್ಲಿ ಮೊದಲ ಅರ್ಧ ಇನ್ನೂ ಸಲೀಸು. 23ನೇ ಕಲಮು ಮಾತ್ರ ಇದ್ದಲ್ಲೇ ಇದೆ. ಮನ್ನಿಸಿದ ಪ್ರಶ್ನೆ ಇವತ್ತೂ ಅಲ್ಲೇ ಕಾದು ಕೂತಿರುತ್ತೆ.

ನನ್ನ ಹತ್ತಿರ ಬಂದಿದ್ದರೆ ಫೆಬ್ರುವರಿ 1962ಕ್ಕೆ ಅರ್ಜಿ ಹಾಕಿಸುತ್ತಿರಲಿಲ್ಲ. ಮೊದಲು ಒಂದು ನೋಟಿಸು, ಬಯ್ಯುವ ನೋಟಿಸಲ್ಲ, ಬಾ ಅಂತ ಕರೆಯುವ ನೋಟಿಸು. ಆಕೆ ಬಂದರೆ ಒಳ್ಳೆಯದು. ಬರದೆ ಎರಡು ವರ್ಷ ಕಳೆದರೆ ಪರಿತ್ಯಾಗಕ್ಕೆ ಒಂದು ನೆಲೆ ಸಿಗುತ್ತಿತ್ತು. ಆದರೆ ಮನಸ್ಸಿಲ್ಲದೆ ಕರೆಯುವ ನಾಟಕ ಆಡಿದರೆ ಆಕೆ ನಿಜವಾಗಿ ಬಂದು ಬಾಗಿಲು ತಟ್ಟಿದ ದಿನ ನಾಟಕ ಮುಗಿಯುತ್ತೆ, ಹಾಗೆ ಮುಗಿದದ್ದನ್ನೂ ನೋಡಿದ್ದೇನೆ. ಇನ್ನು ಬುದ್ಧಿಭ್ರಮಣೆ, ಮೋಸ ಅನ್ನುವ ಎರಡು ವಾದವನ್ನು ಬರೆಯಲೇಬೇಡಿ ಅನ್ನುತ್ತಿದ್ದೆ. ಹೆಂಡತಿಗೆ ಹುಚ್ಚು ಅಂತ ಬರೆದು, ಅದನ್ನು ಸಾಬೀತು ಮಾಡಲಾಗದೆ ಹೋದರೆ, ಈಗಿನ ಕೋರ್ಟ್‌ಗಳು ಆ ಬರಹವನ್ನೇ ಗಂಡನ ಕಡೆಯ ಕ್ರೌರ್ಯ ಅಂತ ತಿರುಗಿಸಬಹುದು.

ಸಂಬಂಧ ಸತ್ತೇ ಹೋಗಿದೆ, ಬಿಡಿಸಿಬಿಡಿ ಅಂತ ಕೇಳೋಣ ಅಂದರೆ ಕಾಯ್ದೆಯಲ್ಲಿ ಅಂಥ ಕಾರಣ ಇವತ್ತಿಗೂ ಇಲ್ಲ. ಸುಪ್ರೀಂ ಕೋರ್ಟ್ ಮಾತ್ರ ಸಂವಿಧಾನದ 142ನೇ ವಿಧಿ ಬಳಸಿ ಹಾಗೆ ಬಿಡಿಸಬಹುದು ಅಂತ 2023ರ ಮೇ 1ಕ್ಕೆ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರ ಇಲ್ಲ.

1975ರಲ್ಲಿ ಅದೂ ಇರಲಿಲ್ಲ ಅನ್ನಿ. ಹೆಂಡತಿ ಈ ಎಲ್ಲ ಓಡಾಟದ ನಡುವೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದರು, ಕೇಂದ್ರ ಸಚಿವಾಲಯದಲ್ಲಿ ಕೆಲಸಕ್ಕೆ ಸೇರಿದರು. ಓದಿನ ಭಾಗವಾಗಿ ಆಕೆ ಕ್ಷೇತ್ರಕಾರ್ಯ ಮಾಡಿದ ವಿಷಯಗಳಲ್ಲಿ ಒಂದು, ಮುರಿಯುತ್ತಿರುವ ದಾಂಪತ್ಯಗಳಲ್ಲಿ ರಾಜಿ ಮಾಡಿಸುವುದು. ತೀರ್ಪಿನ ಮೊದಲ ಪುಟಗಳಲ್ಲೇ ಇದು ಬರುತ್ತೆ, ಯಾವ ಟಿಪ್ಪಣಿಯೂ ಇಲ್ಲದೆ. ಮಾರ್ಚ್ 19ರಂದು ಮೇಲ್ಮನವಿ ವಜಾ ಆದಾಗ ಇಬ್ಬರೂ ಬೇರೆಯಾಗಿ ಹದಿನಾಲ್ಕು ವರ್ಷ ದಾಟಿತ್ತು. ಕಾನೂನಿನ ಲೆಕ್ಕದಲ್ಲಿ ಅವರು ಇನ್ನೂ ಗಂಡ ಹೆಂಡತಿ. ಕೊನೇ ಮಗಳಿಗೆ ಆಗ ಹದಿಮೂರೂವರೆ.